ಉರಿಯುವುದು ಇಲ್ಲಿ, ಕಾಯುವುದು ಜಗತ್ತು

ಇವತ್ತಿನ ಮಾತು ಒಲೆಯಿಂದ ಸುರುವಾಗಿ ಆಕಾಶದವರೆಗೆ ಹೋಗುವಂಥದು. ಇದಕ್ಕೆ ಕಾರಣ ಒಬ್ಬ ಯಜಮಾನರು ಕೇಳಿದ ಪ್ರಶ್ನೆ. ವಿಜಾಪುರ ರಸ್ತೆಯಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದಾಗ ಮಾತಿಗೆ ಮಾತು ಬೆಳೆದು ಅವರೆಂದರು: "ಅಲ್ರೀ, ನಾವು ಮನ್ಯಾಗ ಕುಳ್ಳ ಸುಟ್ಟರ ಹೊಗಿ ಆಗ್ತೈತಿ, ಗ್ಯಾಸ್ ತಗೋರಿ ಅಂತ ಹೇಳತೀರಿ. ಅಲ್ಲಿ ಹೋಟಗಿ ಕಡೆ ಅಷ್ಟ ಎತ್ತರದ ಚಿಮಣಿ ಹಗಲೂ ರಾತ್ರಿ ಹೊಗಿ ಬಿಟ್ಟರ ಅದಕ್ಕ ಕರೆಂಟ ಅಂತೀರಿ. ಯಾವ ಹೊಗಿ ಕೆಟ್ಟದ್ದು, ಯಾವ ಹೊಗಿ ಚಲೋದು, ಅದನ್ನ ಸ್ವಲ್ಪ ಬಿಡಿಸಿ ಹೇಳ್ರಿ."

ಬಸ್ಸು ಬಂತು, ಯಜಮಾನರು ಹತ್ತಿ ಹೋದರು. ಪ್ರಶ್ನೆ ಮಾತ್ರ ನನ್ನ ಹತ್ತಿರವೇ ಉಳಿಯಿತು. ಬಹಳ ಸರಿಯಾದ ಪ್ರಶ್ನೆ ಅದು. ಇಂದು ಅದಕ್ಕೇ ಉತ್ತರ ಹುಡುಕೋಣ.

ಮೊದಲು ನಮ್ಮ ರಸ್ತೆಯನ್ನೇ ನೋಡೋಣ. ಸೋಲಾಪುರದಿಂದ ಹೊರಟು ಸೋರೆಗಾಂವ ದಾಟಿ, ಸೀನಾ ನದಿ ದಾಟಿ, ಟಾಕಳಿಯ ಹತ್ತಿರ ಭೀಮಾ ನದಿಯ ಸೇತುವೆ ದಾಟಿದರೆ ಧೂಳಖೇಡ. ಅಲ್ಲಿಂದ ಕರ್ನಾಟಕ. ಇಂಡಿ ಸೀಮೆಯ ಮೇಲೆ ಹಾಯ್ದು ವಿಜಾಪುರ ಮುಟ್ಟಲು ಒಟ್ಟು ನೂರು ಕಿಲೋಮೀಟರಿನ ಹಾದಿ. 2014ರಿಂದ ಆ ಊರಿನ ಸರಕಾರಿ ಹೆಸರು ವಿಜಯಪುರ ಎಂದಾಗಿದ್ದರೂ ನಮ್ಮ ಬಾಯಿಗೆ ಇದು ವಿಜಾಪುರ ರಸ್ತೆಯೇ. ಈ ರಸ್ತೆಯ ಎರಡೂ ತುದಿಗಳಿಗೆ ಈಗ ಒಂದೊಂದು ದೊಡ್ಡ ಒಲೆ ಉರಿಯುತ್ತಿದೆ. ಸೋಲಾಪುರದ ತುದಿಗೆ, ಹೋಟಗಿಯ ಹತ್ತಿರ ಫತಾಟೆವಾಡಿ, ಆಹೇರವಾಡಿ ಗ್ರಾಮಗಳ ಭೂಮಿಯಲ್ಲಿ ಎನ್‌ಟಿಪಿಸಿಯ ಉಷ್ಣವಿದ್ಯುತ್ ಕೇಂದ್ರ. ಅದರ ಮೊದಲ ಘಟಕ 2017ರಲ್ಲಿ, ಎರಡನೆಯದು 2019ರಲ್ಲಿ ಕೆಲಸಕ್ಕೆ ನಿಂತಿತು. ಒಂದೊಂದು ಘಟಕ 660 ಮೆಗಾವಾಟ್, ಒಟ್ಟು 1320 ಮೆಗಾವಾಟ್. ವಿಜಾಪುರ ದಾಟಿ ಇನ್ನೂ ದಕ್ಷಿಣಕ್ಕೆ ಹೋದರೆ ಬಸವನಬಾಗೇವಾಡಿ ಸೀಮೆಯ ಕೂಡಗಿ. ಅಲ್ಲಿ ಅದೇ ಸಂಸ್ಥೆಯ 800 ಮೆಗಾವಾಟಿನ ಮೂರು ಘಟಕಗಳು, ಒಟ್ಟು 2400 ಮೆಗಾವಾಟ್. ಸೋಲಾಪುರದ ಒಲೆಗೆ ಭೀಮೆಯ ನೀರು, ಕೂಡಗಿಯ ಒಲೆಗೆ ಕೃಷ್ಣೆಯ ನೀರು. ಎರಡಕ್ಕೂ ಉರುವಲು ಒಂದೇ, ಕಲ್ಲಿದ್ದಲು. ಮರಾಠಿಯಲ್ಲಿ ನಾವು ಕೋಳಸಾ ಎನ್ನುತ್ತೇವಲ್ಲ, ಅದೇ. ದೂರದ ಗಣಿಗಳಿಂದ ರೈಲಿನ ಡಬ್ಬಿಗಳಲ್ಲಿ ಬಂದು ಬೀಳುತ್ತದೆ.

ಈ ಕೇಂದ್ರಗಳು ಸುಮ್ಮನೆ ಬಂದದ್ದಲ್ಲ. ಲೋಡ್ ಶೆಡ್ಡಿಂಗಿನ ದಿನಗಳನ್ನು ನಾವು ಮರೆತಿಲ್ಲ. 2005ರಿಂದ ಮುಂದಿನ ಕೆಲವು ವರ್ಷ ಮಹಾರಾಷ್ಟ್ರದ ಹಳ್ಳಿಗಳಲ್ಲಿ ದಿನಕ್ಕೆ ಹತ್ತು ಹನ್ನೆರಡು ತಾಸು ಕರೆಂಟು ಇರುತ್ತಿರಲಿಲ್ಲ. ಮಕ್ಕಳು ಚಿಮಣಿ ಬುಡ್ಡಿಯ ಮುಂದೆ ಓದುತ್ತಿದ್ದರು, ಸೋಲಾಪುರದ ಯಂತ್ರಮಗ್ಗಗಳು ಅರ್ಧ ನೇಯ್ದ ಚಾದರ ಹೊತ್ತು ಸುಮ್ಮನೆ ನಿಂತಿರುತ್ತಿದ್ದವು. ಹಾಗಾಗಿ ವಿದ್ಯುತ್ತು ಬೇಕೆಂದವರು ನಾವೇ. ಅದನ್ನು ಯಾವುದರಿಂದ ಮಾಡಬೇಕು ಎಂದು ಮಾತ್ರ ನಮ್ಮನ್ನು ಯಾರೂ ಕೇಳಲಿಲ್ಲ. ಕೂಡಗಿಯಲ್ಲಿ ರೈತರು ಬೂದಿ, ನೀರು, ಬೆಳೆಗಳ ಚಿಂತೆಯಿಂದ ವಿರೋಧಕ್ಕೆ ನಿಂತರು. 2014ರ ಜುಲೈಯಲ್ಲಿ ಅಲ್ಲಿ ಪ್ರತಿಭಟನೆಯ ವೇಳೆ ಗೋಲೀಬಾರು ಆಗಿ ರೈತರು ಗಾಯಗೊಂಡರು. ಉರುವಲನ್ನು ಆರಿಸುವ ಮಾತು ಎಷ್ಟು ಭಾರದ ಮಾತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಲೆಕ್ಕಕ್ಕೆ ಬರೋಣ. ಒಂದು ಯೂನಿಟ್ ವಿದ್ಯುತ್ ಎಂದರೆ ಎಷ್ಟು? 1000 ವಾಟಿನ ಇಸ್ತ್ರಿ ಪೆಟ್ಟಿಗೆ ಒಂದು ತಾಸು ಕಾದರೆ ಒಂದು ಯೂನಿಟ್. ಅಷ್ಟು ವಿದ್ಯುತ್ ಮಾಡಲು ನಮ್ಮ ದೇಶದ ಕಲ್ಲಿದ್ದಲು ಹೆಚ್ಚು ಕಡಿಮೆ 650 ಗ್ರಾಂ ಬೇಕು. ಸೋಲಾಪುರದ ಕೇಂದ್ರ ಪೂರ್ತಿ ಶಕ್ತಿಯಿಂದ ಒಂದು ತಾಸು ನಡೆದರೆ 13 ಲಕ್ಷ 20 ಸಾವಿರ ಯೂನಿಟ್. ಅದಕ್ಕೆ ಬೇಕಾಗುವ ಕಲ್ಲಿದ್ದಲು ಸುಮಾರು 850 ಟನ್. ಇಡೀ ದಿನ ಹಾಗೆ ನಡೆದರೆ 20 ಸಾವಿರ ಟನ್ನು, ಅಂದರೆ ಕಲ್ಲಿದ್ದಲು ತುಂಬಿದ ಐದು ಪೂರ್ತಿ ಗೂಡ್ಸ್ ಗಾಡಿಗಳು.

ಅಷ್ಟೂ ಕಲ್ಲಿದ್ದಲು ಉರಿದ ಮೇಲೆ ಎಲ್ಲಿಗೆ ಹೋಯಿತು? ನಮ್ಮ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಪಾಲಿನಷ್ಟು ಬೂದಿ. ಅದು ಕಣ್ಣಿಗೆ ಕಾಣುತ್ತದೆ, ಗುಡ್ಡೆ ಬೀಳುತ್ತದೆ, ಇಟ್ಟಂಗಿಗೂ ಸಿಮೆಂಟಿಗೂ ಹೋಗುತ್ತದೆ. ಉಳಿದುದರಲ್ಲಿ ಮುಖ್ಯವಾದದ್ದು ಇಂಗಾಲ. ಅದು ಗಾಳಿಯಲ್ಲಿಯ ಆಮ್ಲಜನಕದ ಕೂಡ ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಮರಾಠಿ ಶಾಲೆಗೆ ಹೋಗುವ ಮಕ್ಕಳು ಇದನ್ನು ಕಾರ್ಬನ್ ಡಾಯಾಕ್ಸಾಯಿಡ್ ಎನ್ನುತ್ತಾರೆ. ಬಣ್ಣವಿಲ್ಲ, ವಾಸನೆಯಿಲ್ಲ. 12 ಕಿಲೋ ಇಂಗಾಲ 32 ಕಿಲೋ ಆಮ್ಲಜನಕವನ್ನು ಹಿಡಿದುಕೊಂಡು 44 ಕಿಲೋ ಅನಿಲವಾಗುತ್ತದೆ. ಅದಕ್ಕೇ ಉರಿಸಿದ ಕಲ್ಲಿದ್ದಲಿಗಿಂತ ಹೊರಬಿದ್ದ ಅನಿಲದ ತೂಕವೇ ಹೆಚ್ಚು. ಒಂದು ಯೂನಿಟ್ ಕಲ್ಲಿದ್ದಲು ವಿದ್ಯುತ್ತಿಗೆ ಸುಮಾರು ಒಂದು ಕಿಲೋ ಅನಿಲ ಎಂದು ನೆನಪಿಟ್ಟುಕೊಂಡರೆ ಸಾಕು. ನಿಮ್ಮ ಮನೆಯ ಮೀಟರಿನಲ್ಲಿ ತಿಂಗಳಿಗೆ 100 ಯೂನಿಟ್ ಓಡಿದರೆ, ಆ ವಿದ್ಯುತ್ತೆಲ್ಲ ಕಲ್ಲಿದ್ದಲಿನದೇ ಆದರೆ, ಒಂದು ಕ್ವಿಂಟಲ್ ಅನಿಲ ಎಲ್ಲೋ ಒಂದು ಚಿಮಣಿಯಿಂದ ನಿಮ್ಮ ಹೆಸರಿನಲ್ಲಿ ಮೇಲೆ ಹೋಯಿತು.

ಚಿಮಣಿಯಿಂದ ಹೊರಬೀಳುವ ಬೂದಿ, ಗಂಧಕದ ಹೊಗೆ ಇವು ಊರಿನ ಸಮಸ್ಯೆ. ಗಾಳಿ ಬೀಸಿದ ಕಡೆ ಬೀಳುತ್ತವೆ, ಮಳೆ ಬಂದರೆ ತೊಳೆದು ಹೋಗುತ್ತವೆ. ಇಂಗಾಲದ ಅನಿಲ ಹಾಗಲ್ಲ. ಅದಕ್ಕೆ ಊರಿಲ್ಲ, ಗಡಿಯಿಲ್ಲ. ಇಂದು ಹೋಟಗಿಯಲ್ಲಿ ಹೊರಬಿದ್ದದ್ದು ಕೆಲವು ವಾರಗಳಲ್ಲಿ ಸಮುದ್ರ ದಾಟಿ, ವರ್ಷ ತುಂಬುವುದರೊಳಗೆ ಜಗತ್ತಿನ ಗಾಳಿಯಲ್ಲೆಲ್ಲ ಬೆರೆಯುತ್ತದೆ. ಅಮೇರಿಕೆಯ ಮೋಟಾರಿನದು, ಚೀನದ ಕಾರಖಾನೆಯದು ಹಾಗೆಯೇ ನಮ್ಮ ಅಕ್ಕಲಕೋಟೆಯ ಮೇಲಿನ ಗಾಳಿಗೆ ಬಂದು ಸೇರುತ್ತದೆ. ಅದರಲ್ಲಿ ಒಂದು ಭಾಗವನ್ನು ಗಿಡಮರಗಳೂ ಸಮುದ್ರವೂ ಹೀರಿಕೊಳ್ಳುತ್ತವೆ. ಉಳಿದದ್ದು ನೂರಾರು ವರ್ಷ ಗಾಳಿಯಲ್ಲೇ ಉಳಿಯುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಸೋಲಾಪುರದ ಗಿರಣಿಗಳ ಬಾಯ್ಲರಿನಲ್ಲಿ ಉರಿದ ಕಲ್ಲಿದ್ದಲಿನ ಅನಿಲದಲ್ಲೂ ಒಂದಿಷ್ಟು ಇಂದಿಗೂ ಮೇಲೆಯೇ ಇದೆ.

ಮೇಲಿದ್ದರೆ ಏನು ತೊಂದರೆ? ಇದನ್ನು ತಿಳಿಯಲು ಸೋಲಾಪುರದವರಿಗೆ ದೂರದ ಉದಾಹರಣೆ ಬೇಡ. ಮನೆಯಲ್ಲಿರುವ ಚಾದರವೇ ಸಾಕು. ಪುಷ್ಯ ಮಾಸದ ಚಳಿಯಲ್ಲಿ, ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯ ರಾತ್ರಿ ಚಾದರ ಹೊದ್ದುಕೊಂಡು ಕುಳಿತಿರುತ್ತೀರಿ. ಚಾದರದಲ್ಲಿ ಬೆಂಕಿಯಿಲ್ಲ. ಆದರೂ ಮೈ ಬೆಚ್ಚಗಾಗುತ್ತದೆ. ಯಾಕೆ? ನಿಮ್ಮ ಮೈಯಿಂದ ಹೊರಗೆ ಹೋಗುವ ಕಾವನ್ನು ಅದು ತಡೆಯುತ್ತದೆ. ಭೂಮಿಗೂ ಹೀಗೊಂದು ಚಾದರವಿದೆ. ಸೂರ್ಯನ ಬೆಳಕು ಅದರೊಳಗಿಂದ ಸರಾಗವಾಗಿ ಕೆಳಗೆ ಬಂದು ನೆಲವನ್ನು ಕಾಯಿಸುತ್ತದೆ. ಕಾದ ನೆಲ ತನ್ನ ಕಾವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಆ ಕಿರಣಗಳಲ್ಲಿ ಕೆಲವನ್ನು ನೀರಿನ ಆವಿ, ಇಂಗಾಲದ ಡೈಆಕ್ಸೈಡ್ ಮುಂತಾದ ಅನಿಲಗಳು ಹಿಡಿದು ತಿರುಗಿ ಕೆಳಕ್ಕೆ ಕಳಿಸುತ್ತವೆ. ಈ ಚಾದರ ಇಲ್ಲದಿದ್ದರೆ ಭೂಮಿ ಮಂಜುಗಡ್ಡೆಯಾಗಿರುತ್ತಿತ್ತು. ಆದ್ದರಿಂದ ಚಾದರ ಕೆಟ್ಟದ್ದಲ್ಲ. ವೈಶಾಖದ ಬಿಸಿಲಿನಲ್ಲಿ ಎರಡನೆಯ ಚಾದರ ಹೊದಿಸುವುದು ಕೆಟ್ಟದ್ದು.

ಎಷ್ಟು ದಪ್ಪವಾಯಿತು ಈ ಚಾದರ? ಯಂತ್ರಗಳ ಯುಗ ಸುರುವಾಗುವ ಮೊದಲು ಗಾಳಿಯ 10 ಲಕ್ಷ ಎಳೆಗಳಲ್ಲಿ ಇಂಗಾಲದ ಡೈಆಕ್ಸೈಡಿನ ಎಳೆಗಳು ಸುಮಾರು 280 ಇದ್ದವು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ನಿತ್ಯ ಅಳೆಯಲು ಸುರುಮಾಡಿದಾಗ ಅವು 315ರ ಆಸುಪಾಸು ಇದ್ದವು. ಈಗ 420 ದಾಟಿವೆ. ಜಗತ್ತಿನ ಸರಾಸರಿ ಉಷ್ಣತೆ ಏರಿದೆ. 2024ನೆಯ ಇಸವಿ ಅಲ್ಲಿಯವರೆಗೆ ಅಳೆದ ವರ್ಷಗಳಲ್ಲೆಲ್ಲ ಅತಿ ಬಿಸಿಯ ವರ್ಷವಾಯಿತು. 19ನೆಯ ಶತಮಾನದ ಉತ್ತರಾರ್ಧಕ್ಕೆ ಹೋಲಿಸಿದರೆ ಆ ವರ್ಷ ಒಂದೂವರೆ ಡಿಗ್ರಿಗಿಂತ ಹೆಚ್ಚು ಕಾವು ಇತ್ತು ಎಂದು ಜಾಗತಿಕ ಹವಾಮಾನ ಸಂಸ್ಥೆ ಹೇಳಿತು. ಇದು ಹೊಸದಾಗಿ ಹುಟ್ಟಿದ ಗುಲ್ಲೂ ಅಲ್ಲ. 1896ರಲ್ಲಿಯೇ ಸ್ವೀಡನ್ನಿನ ಅರ್ಹೇನಿಯಸ್, ಕಲ್ಲಿದ್ದಲು ಸುಟ್ಟು ಗಾಳಿಯಲ್ಲಿ ಈ ಅನಿಲ ಹೆಚ್ಚಾದರೆ ಭೂಮಿ ಎಷ್ಟು ಕಾಯಬಹುದು ಎಂದು ಕಾಗದದ ಮೇಲೆ ಲೆಕ್ಕ ಹಾಕಿದ್ದರು.

ಒಂದೂವರೆ ಡಿಗ್ರಿ ಎಂದರೆ ಏನು ಮಹಾ ಎನಿಸಬಹುದು. ಸೋಲಾಪುರದ ಬೇಸಿಗೆ 43, 44 ಡಿಗ್ರಿ ಕಂಡದ್ದೇ. ಆದರೆ ಇದು ಜಗತ್ತಿನ ಸರಾಸರಿ. ಮಗುವಿನ ಮೈ ಒಂದೂವರೆ ಡಿಗ್ರಿ ಹೆಚ್ಚು ಬಿಸಿಯಾದರೆ ತಾಯಿ ಹೇಗೆ ಹೌಹಾರುತ್ತಾಳೋ ಅದನ್ನು ನೆನೆಯಿರಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಶೇಕಡಾ 7ರಷ್ಟು ಹೆಚ್ಚು ನೀರಿನ ಆವಿಯನ್ನು ಹಿಡಿದುಕೊಳ್ಳಬಲ್ಲದು. ದೊಡ್ಡ ಕೊಡದಿಂದ ನೀರು ಸುರಿದ ಹಾಗೆ, ಮಳೆ ಬಂದಾಗ ಧೋ ಎಂದು ಬರುತ್ತದೆ. ಬಾರದಿದ್ದಾಗ ಅದೇ ಬಿಸಿ ಗಾಳಿ ನೆಲದ ಹಸಿಯನ್ನು ಬೇಗ ಬೇಗ ಹೀರುತ್ತದೆ.

ಇದು ನಮಗೆ ಯಾಕೆ ಮುಖ್ಯ ಎಂದರೆ ನಮ್ಮ ಬದುಕು ನಿಂತಿರುವುದು ನೆಲದ ಹಸಿಯ ಮೇಲೆ. ಹಿಂಗಾರಿ ಬಿಳಿಜೋಳ, ಮಾಲದಂಡಿ, ಮಂಗಳವೇಢೆಯ ಜೋಳ, ಇದಾವುದಕ್ಕೂ ಬಿತ್ತಿದ ಮೇಲೆ ದೊಡ್ಡ ಮಳೆ ಬೇಡ. ಉತ್ತರಿ, ಹಸ್ತಿ ಮಳೆ ಹದವಾಗಿ ಬಂದು ಎರೆಭೂಮಿಯಲ್ಲಿ ಇಂಗಿದರೆ ಆ ಹಸಿಯ ಮೇಲೆಯೇ ಚಳಿಯಲ್ಲಿ ಬೆಳೆ ಬರುತ್ತದೆ. ಹಸ್ತಿ ಮಳೆ ಒಂದೇ ರಾತ್ರಿ ಸುರಿದು ಹರಿದು ಹೋದರೆ? ಬಿತ್ತುವ ಹದ ತಪ್ಪಿದರೆ? ಚಳಿಗಾಲದಲ್ಲಿ ಚಳಿಯೇ ಬೀಳದಿದ್ದರೆ? ರೊಟ್ಟಿಯ ತಾಟಿನವರೆಗೂ ಅದರ ಬಿಸಿ ಮುಟ್ಟುತ್ತದೆ.

ಬರಗಾಲ ನಮಗೆ ಹೊಸದಲ್ಲ. 1972ರ ಬರದಲ್ಲಿ ಖಡಿ ಒಡೆದವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಆದರೆ ಬರದ ನಾಡಿಗೆ ಮಹಾಪೂರ ಬರುವುದನ್ನೂ ನಾವು ಕಂಡೆವು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಸೋಲಾಪುರ, ವಿಜಾಪುರ, ಕಲಬುರ್ಗಿ ಮೂರೂ ಜಿಲ್ಲೆಗಳ ದಂಡೆಯ ಊರುಗಳನ್ನು ಹೊಕ್ಕಳು. 2025ರ ಸೆಪ್ಟೆಂಬರಿನಲ್ಲಿ ಸೀನಾ ನದಿ ಹಿಂದೆ ಕಂಡಿರದ ರೀತಿ ಏರಿ ಹೊಲ ಮನೆಗಳನ್ನು ಮುಳುಗಿಸಿತು. ನಮ್ಮ ಈ ವಿಜಾಪುರ ರಸ್ತೆಯ ಸಂಚಾರವೇ ನಿಂತುಹೋಯಿತು. ಒಂದು ಮಹಾಪೂರವನ್ನು ತೋರಿಸಿ ಇದು ಇಂಥ ಚಿಮಣಿಯದೇ ಕೆಲಸ ಎಂದು ಹೇಳುವುದು ಸರಿಯಲ್ಲ. ಮಳೆಗೆ ನೂರು ಕಾರಣ. ಆದರೆ ಚಾದರ ದಪ್ಪವಾದಷ್ಟೂ ಇಂಥ ವರ್ಷಗಳು ಮತ್ತೆ ಮತ್ತೆ ಬರುವ ಸಂಭವ ಹೆಚ್ಚು ಎಂದು ಹೇಳುವುದು ಸರಿ.

ಈಗ ಯಜಮಾನರ ಪ್ರಶ್ನೆಗೆ ಬರೋಣ. ಕುಳ್ಳಿನ ಹೊಗೆಯೂ ಹೊಗೆ, ಕಲ್ಲಿದ್ದಲಿನದೂ ಹೊಗೆ. ವ್ಯತ್ಯಾಸ ಎಲ್ಲಿದೆ?

ನಮ್ಮ ಹಿರಿಯರ ಮನೆಗಳಲ್ಲಿ ಹಗೇವು ಇರುತ್ತಿತ್ತು, ಮರಾಠಿಯಲ್ಲಿ ಪೇವ. ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿ ಬರಗಾಲಕ್ಕೆಂದು ಇಡುತ್ತಿದ್ದರು. ಭೂಮಿತಾಯಿಯೂ ಹೀಗೊಂದು ಹಗೇವು ತುಂಬಿಟ್ಟಿದ್ದಳು. ಸುಮಾರು 25 ಕೋಟಿ ವರ್ಷಗಳ ಹಿಂದಿನ ಕಾಡುಗಳು ಜೌಗಿನಲ್ಲಿ ಹೂತು, ಮಣ್ಣಿನ ಭಾರಕ್ಕೆ ಒತ್ತಿ ಒತ್ತಿ ಕಲ್ಲಿದ್ದಲಾದವು. ಆ ಗಿಡಗಳು ತಮ್ಮ ಕಾಲದ ಗಾಳಿಯಿಂದ ಹೀರಿದ ಇಂಗಾಲವೆಲ್ಲ ಅದರಲ್ಲಿ ಬಂದಾಗಿ ಕುಳಿತಿತ್ತು. ಪೆಟ್ರೋಲು, ಡೀಸೆಲ್, ಅಡಿಗೆಯ ಗ್ಯಾಸು ಇವೂ ಅದೇ ಬಗೆಯ ಹಳೆಯ ಹಗೇವಿನ ಕಾಳು. ಕೋಟ್ಯಂತರ ವರ್ಷ ಕೂಡಿಟ್ಟದ್ದನ್ನು ಇನ್ನೂರು ಮುನ್ನೂರು ವರ್ಷದಲ್ಲಿ ಹೊರಗೆ ತೆಗೆದು ಗಾಳಿಗೆ ತೂರಿದರೆ ಗಾಳಿಯ ಲೆಕ್ಕ ತಪ್ಪದೆ ಇರುತ್ತದೆಯೇ?

ತೊಗರಿ ಕಟ್ಟಿಗೆ, ಜೋಳದ ದಂಟು, ಕುಳ್ಳು ಇವು ಈ ವರ್ಷದ ಸುಗ್ಗಿ. ತೊಗರಿ ಗಿಡ ಈ ವರ್ಷ ಗಾಳಿಯಿಂದ ಹೀರಿದ ಇಂಗಾಲವನ್ನೇ ಸುಟ್ಟಾಗ ತಿರುಗಿ ಬಿಡುತ್ತದೆ. ಮುಂದಿನ ವರ್ಷ ಮತ್ತೊಂದು ತೊಗರಿ ಗಿಡ ಅದನ್ನು ಹೀರುತ್ತದೆ. ಕೈಗಡ ತಂದು ತೀರಿಸಿದ ಹಾಗೆ. ಆದ್ದರಿಂದ ಯಜಮಾನರೇ, ಜಗತ್ತನ್ನು ಕಾಯಿಸುವ ಮುಖ್ಯ ಅಪರಾಧ ನಿಮ್ಮ ಕುಳ್ಳಿನದಲ್ಲ. ಮರಗಳನ್ನು ಕಡಿದು ಸುಟ್ಟು, ತಿರುಗಿ ನೆಡದೆ ಬಿಟ್ಟರೆ ಮಾತ್ರ ಆ ಲೆಕ್ಕವೂ ತಪ್ಪುತ್ತದೆ.

ಆದರೆ ಇಷ್ಟು ಕೇಳಿ ಕುಳ್ಳಿನ ಒಲೆಯೇ ಪಾಡು ಎಂದು ತಿಳಿಯಬೇಡಿ. ಆ ಹೊಗೆ ಆಕಾಶಕ್ಕಿಂತ ಮೊದಲು ಒಲೆಯ ಮುಂದೆ ಕುಳಿತ ಅವ್ವನ ಎದೆಗೆ ಹೋಗುತ್ತದೆ. ಕಣ್ಣುರಿ, ಕೆಮ್ಮು, ದಮ್ಮು, ಹೆಣ್ಣುಮಕ್ಕಳ ಪಾಲಿಗೆ ಇವೆಲ್ಲ ಬಂದದ್ದು ಅಲ್ಲಿಂದ. 2016ರಲ್ಲಿ ಸುರುವಾದ ಉಜ್ವಲಾ ಯೋಜನೆಯಿಂದ ಬಹಳ ಮನೆಗಳಿಗೆ ಗ್ಯಾಸು ಬಂತು. ಗ್ಯಾಸೂ ಹಳೆಯ ಹಗೇವಿನದೇ ನಿಜ, ಆದರೆ ಒಂದು ಮನೆಯ ಅಡಿಗೆಗೆ ಸುಡುವುದು ಬಹಳ ಸ್ವಲ್ಪ. ಬಡವರ ಒಲೆಯ ಲೆಕ್ಕ ಕೇಳುವ ಮೊದಲು ಕೇಳಬೇಕಾದ ದೊಡ್ಡ ಲೆಕ್ಕಗಳು ಬೇರೆ ಇವೆ. ಜಗತ್ತಿನಲ್ಲಿ ಒಬ್ಬ ಮನುಷ್ಯನ ಪಾಲಿಗೆ ವರ್ಷಕ್ಕೆ ಸರಾಸರಿ ನಾಲ್ಕೂವರೆ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಅಮೇರಿಕೆಯವನ ಪಾಲು ಸುಮಾರು 14 ಟನ್. ಭಾರತದವನದು ಸುಮಾರು 2 ಟನ್. ನಮ್ಮ ದೇಶದೊಳಗೂ ಮುಂಬಯಿಯ ಗಾಳಿಯಂತ್ರದ ಮನೆಯವನದು ಬೇರೆ, ಅಕ್ಕಲಕೋಟೆ ತಾಲೂಕಿನ ಕೂಲಿಕಾರನದು ಬೇರೆ.

ಹಾಗಾದರೆ ಬೇರೆ ದಾರಿ ಯಾವುದು? ಒಂದೊಂದಾಗಿ ನೋಡೋಣ.

ನೀರಿನ ವಿದ್ಯುತ್ ನಮ್ಮ ಭಾಷೆಯ ನಾಡಿಗೆ ಹಳೆಯ ಗೆಳೆಯ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಆಲಮಟ್ಟಿಯಲ್ಲಿ 290 ಮೆಗಾವಾಟಿನ ಕೇಂದ್ರವಿದೆ. ಉರುವಲಿಲ್ಲ, ಹೊಗೆಯಿಲ್ಲ. ಆದರೆ ಬೆಲೆ ಇಲ್ಲವೆನ್ನಬೇಡಿ. ಆಲಮಟ್ಟಿಯ ಹಿನ್ನೀರಿಗೆ ಹೊಲ ಮನೆ ಕೊಟ್ಟು ಎದ್ದು ಹೋದವರು, ಹಳೆಯ ಬಾಗಲಕೋಟೆಯ ಓಣಿ ಬಿಟ್ಟವರು ನಮ್ಮ ಬೀಗರಲ್ಲೇ ಇದ್ದಾರೆ. ಮತ್ತೆ, ಮಳೆ ಕೈಕೊಟ್ಟ ವರ್ಷ ಈ ವಿದ್ಯುತ್ತೂ ಕೈಕೊಡುತ್ತದೆ.

ಕಾರವಾರದ ಹತ್ತಿರ ಕೈಗಾದಲ್ಲಿ ಅಣುವಿದ್ಯುತ್ ಇದೆ. ಅದರಿಂದ ಇಂಗಾಲದ ಅನಿಲ ಬಹಳ ಕಡಿಮೆ. ಆದರೆ ಕಟ್ಟಲು ಹಣವೂ ವರ್ಷಗಳೂ ಹೆಚ್ಚು ಬೇಕು, ಉಳಿದ ಕಸವನ್ನು ಬಹಳ ಕಾಲ ಜೋಪಾನ ಮಾಡಬೇಕು.

ಗಾಳಿಯ ವಿದ್ಯುತ್ತಿಗೆ ಗದಗದ ಕಪ್ಪತಗುಡ್ಡದ ಕಡೆ ಹೋದವರು ದೊಡ್ಡ ದೊಡ್ಡ ಪಂಖಾಗಳನ್ನು ನೋಡಿರುತ್ತೀರಿ. ಆಷಾಢದ ಗಾಳಿಯಲ್ಲಿ ಭರ್ರನೆ ತಿರುಗುತ್ತವೆ. ಸೂರ್ಯ ಮೋಡದ ಮರೆಯಲ್ಲಿರುವ ಆ ತಿಂಗಳುಗಳಲ್ಲೇ ಗಾಳಿ ಜೋರು ಇರುವುದು ನಮ್ಮ ಸೀಮೆಯ ಪುಣ್ಯ. ಒಂದು ಸೋತಾಗ ಇನ್ನೊಂದು ಹೆಗಲು ಕೊಡುತ್ತದೆ.

ಕಬ್ಬಿನ ಸಿಪ್ಪೆಯ ವಿದ್ಯುತ್ ನಮ್ಮ ಜಿಲ್ಲೆಗೆ ಹತ್ತಿರದ್ದು. ಸಕ್ಕರೆ ಕಾರಖಾನೆಗಳು ರಸ ತೆಗೆದ ಸಿಪ್ಪೆಯನ್ನು ಸುಟ್ಟು ತಮ್ಮ ಕೆಲಸಕ್ಕೂ ಮಾರಾಟಕ್ಕೂ ವಿದ್ಯುತ್ ಮಾಡುತ್ತವೆ. ಇದು ತೊಗರಿ ಕಟ್ಟಿಗೆಯ ಹಾಗೆ ಈ ವರ್ಷದ ಸುಗ್ಗಿಯ ಇಂಗಾಲ. ಕುಮಠೆಯ ಸಿದ್ಧೇಶ್ವರ ಕಾರಖಾನೆಯ ಇಂಥ ಸಹವಿದ್ಯುತ್ ಘಟಕದ ಚಿಮಣಿಯನ್ನು 2023ರ ಜೂನ್ 15ರಂದು ವಿಮಾನದ ದಾರಿಗೆ ಅಡ್ಡಿ ಎಂದು ಕೆಡವಿದ್ದು ಎಲ್ಲರಿಗೂ ನೆನಪಿದೆ. ಅಂದು ನೋಡಲು ನೆರೆದ ಜನರಲ್ಲಿ ಕಣ್ಣೀರು ಹಾಕಿದ ಕಬ್ಬಿನ ರೈತರೂ ಇದ್ದರು. ಒಂದು ಚಿಮಣಿಯ ಹಿಂದೆ ಎಷ್ಟು ಮನೆಗಳ ಒಲೆ ಇರುತ್ತದೆ ಎಂಬುದು ಆ ದಿನ ತಿಳಿಯಿತು. ಹಾಗೆಂದು ಸಿಪ್ಪೆಯ ಆಸೆಗೆ ಕಬ್ಬನ್ನೇ ಹೆಚ್ಚಿಸಲಾಗದು. ಬರದ ಜಿಲ್ಲೆಯಲ್ಲಿ ಕಬ್ಬು ಕುಡಿಯುವ ನೀರಿನ ಲೆಕ್ಕ ನಿಮಗೆ ಗೊತ್ತೇ ಇದೆ.

ಇನ್ನು ಸೂರ್ಯ. ನಮ್ಮ ಸೀಮೆಯಲ್ಲಿ ಯಾವುದಕ್ಕೆ ಬರವಿದ್ದರೂ ಬಿಸಿಲಿಗೆ ಬರವಿಲ್ಲ. ಮಾಳಿಗೆಯ ಮೇಲೆ ಒಂದು ಕಿಲೋವಾಟಿನ ಹಲಗೆಗಳನ್ನು ಹಾಕಿದರೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಹಲಗೆ ಮಾಡಲು, ಸಾಗಿಸಲು ಖರ್ಚಾದ ಇಂಧನವನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಒಂದು ಯೂನಿಟ್ಟಿಗೆ ಬೀಳುವ ಅನಿಲ 50 ಗ್ರಾಮಿನ ಆಸುಪಾಸು. ಕಲ್ಲಿದ್ದಲಿನದು ಒಂದು ಕಿಲೋ ಎಂದೆವಲ್ಲ, ಅದರ ಇಪ್ಪತ್ತನೆಯ ಒಂದು ಪಾಲು. 2024ರಲ್ಲಿ ಬಂದ ಸೂರ್ಯಘರ ಯೋಜನೆಯಲ್ಲಿ 3 ಕಿಲೋವಾಟಿಗೆ 78 ಸಾವಿರ ರೂಪಾಯಿವರೆಗೆ ಸರಕಾರದ ಸಹಾಯವಿದೆ.

ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ತುಮಕೂರು ಜಿಲ್ಲೆಯ ಪಾವಗಡ. ನಮ್ಮ ಹಾಗೆಯೇ ಬರದ ಸೀಮೆ. ಅಲ್ಲಿ 13 ಸಾವಿರ ಎಕರೆಯ ಮೇಲೆ 2050 ಮೆಗಾವಾಟಿನ ಸೌರ ಪಾರ್ಕು ಆಗಿದೆ. ಅಲ್ಲಿ ಸರಕಾರ ಭೂಮಿಯನ್ನು ಕೊಂಡುಕೊಳ್ಳದೆ ರೈತರಿಂದ ಲಾವಣಿಗೆ ಹಿಡಿಯಿತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಸುರುವಾಗಿ ಏರುತ್ತ ಹೋಗುವ ಬಾಡಿಗೆ, ಭೂಮಿ ರೈತನ ಹೆಸರಿನಲ್ಲೇ. ಇದು ಒಳ್ಳೆಯದು. ಆದರೆ ಭೂಮಿ ಇಲ್ಲದೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಸಿಗಲಿಲ್ಲ. ನಮ್ಮ ಕಡೆ ಇಂಥದು ಬಂದಾಗ ಈ ಮಾತನ್ನು ಮೊದಲೇ ಕೇಳಬೇಕು.

ಸೂರ್ಯನ ದೊಡ್ಡ ಕೊರತೆ ಎಲ್ಲರಿಗೂ ಗೊತ್ತು. ಸಂಜೆ ಏಳಕ್ಕೆ ಎಲ್ಲರ ಮನೆಯ ದೀಪ, ಪಂಖಾ, ಟಿವಿ ಹಚ್ಚುವ ಹೊತ್ತಿಗೆ ಅವನು ಮನೆಗೆ ಹೋಗಿರುತ್ತಾನೆ. ಅದಕ್ಕೇ 2025ರ ಮಧ್ಯದಲ್ಲಿ ನಮ್ಮ ದೇಶದ ವಿದ್ಯುತ್ ಕೇಂದ್ರಗಳ ಒಟ್ಟು ಶಕ್ತಿಯಲ್ಲಿ ಅರ್ಧ ಸೂರ್ಯ, ಗಾಳಿ, ನೀರು, ಅಣು ಇಂಥವುಗಳದಾದರೂ, ನಿಜವಾಗಿ ತಯಾರಾಗುವ ಯೂನಿಟ್ಟುಗಳಲ್ಲಿ ನಾಲ್ಕರಲ್ಲಿ ಸುಮಾರು ಮೂರು ಪಾಲು ಕಲ್ಲಿದ್ದಲಿನದೇ ಇತ್ತು. ಹಗಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡುವ ದೊಡ್ಡ ಬ್ಯಾಟರಿಗಳು, ಹಗಲು ನೀರನ್ನು ಮೇಲಿನ ಕೆರೆಗೆ ಏರಿಸಿ ರಾತ್ರಿ ಇಳಿಸುವ ಏರ್ಪಾಡುಗಳು ಹೆಚ್ಚಾದಷ್ಟೂ ಕಲ್ಲಿದ್ದಲಿನ ಒಲೆ ತಣ್ಣಗಾಗಬಹುದು. 2070ರ ಹೊತ್ತಿಗೆ ಈ ಅನಿಲದ ಲೆಕ್ಕವನ್ನು ಸೊನ್ನೆಗೆ ತರುತ್ತೇವೆಂದು ಭಾರತ 2021ರಲ್ಲಿ ಜಗತ್ತಿಗೆ ಮಾತು ಕೊಟ್ಟಿದೆ. ಈ ಮಾತು ಕೊಡುವ ಹೊತ್ತಿಗೆ ನಮ್ಮ ಎರಡೂ ಒಲೆಗಳು ಹೊಸವು, ಎರಡು ನಾಲ್ಕು ವರ್ಷದವು. ಇಂಥ ಒಲೆ ಒಮ್ಮೆ ಹಚ್ಚಿದರೆ ಇಪ್ಪತ್ತೈದು ಮೂವತ್ತು ವರ್ಷ ಉರಿಯುವುದೇ ವಾಡಿಕೆ. ಅಂದರೆ ಇಂದು ಯಾವ ಒಲೆ ಹೂಡುತ್ತೇವೆಯೋ ಅದು ನಮ್ಮ ಮೊಮ್ಮಕ್ಕಳ ಆಕಾಶವನ್ನು ಇಂದೇ ಗೊತ್ತುಮಾಡುತ್ತದೆ.

ನಮ್ಮ ಕೈಯಲ್ಲಿ ಇರುವುದು ಎಷ್ಟು? ಸ್ವಲ್ಪವೇ, ಆದರೆ ಇಲ್ಲವೇ ಇಲ್ಲ ಎಂದಲ್ಲ. ಹಳೆಯ ಪಂಖಾ 75 ವಾಟ್ ತಿನ್ನುತ್ತದೆ. ಹೊಸ ಬಗೆಯದು 30 ವಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ದಿನಕ್ಕೆ 12 ತಾಸು ತಿರುಗಿದರೆ ಅರ್ಧ ಯೂನಿಟ್ಟಿಗಿಂತ ಹೆಚ್ಚು ಉಳಿತಾಯ. ಮೀಟರಿಗೂ ಒಳ್ಳೆಯದು, ಆಕಾಶಕ್ಕೂ ಒಳ್ಳೆಯದು.

ರೈತರಿಗೆ ಇನ್ನೂ ದೊಡ್ಡ ಮಾತು ಪಂಪಿನದು. ರಾತ್ರಿ ಎರಡಕ್ಕೆ ಕರೆಂಟು ಬಂತೆಂದು ಕತ್ತಲಲ್ಲಿ ಹೊಲಕ್ಕೆ ಹೋಗಿ ಹಾವು ಚೇಳಿನ ನಡುವೆ ನೀರು ಕಟ್ಟುವ ಕಷ್ಟ ಯಾರಿಗೆ ಗೊತ್ತಿಲ್ಲ? ಸೌರ ಪಂಪು ಹಗಲು ನಡೆಯುತ್ತದೆ. ಕೇಂದ್ರದ ಕುಸುಮ ಯೋಜನೆ 2019ರಲ್ಲಿ ಬಂತು. ಕೃಷಿಯ ಫೀಡರಿಗೆ ಹಗಲು ಹೊತ್ತು ಸೂರ್ಯನ ವಿದ್ಯುತ್ ಕೊಡುವ ಮಹಾರಾಷ್ಟ್ರದ ಸೌರ ಕೃಷಿ ವಾಹಿನಿ ಯೋಜನೆ 2017ರಲ್ಲಿಯೇ ಸುರುವಾಗಿತ್ತು. ಇಲ್ಲಿ ಒಂದು ಎಚ್ಚರ ಮಾತ್ರ ಬೇಕು. ಸೂರ್ಯನಿಗೆ ಬಿಲ್ಲಿಲ್ಲವೆಂದು ಬೆಳಗಿನಿಂದ ಸಂಜೆತನಕ ನೀರೆತ್ತಿದರೆ ಬೋರು ಬತ್ತುತ್ತದೆ. ಹೊಗೆ ಉಳಿಸಿ ನೀರು ಕಳೆದುಕೊಂಡರೆ ಲಾಭವೇನು?

ಕೊನೆಯ ಮಾತು, ಕೇಳುವ ಹಕ್ಕಿನದು. ಊರಿಗೆ ಹೊಸ ಕೇಂದ್ರ ಬರಲಿ, ಸೌರ ಪಾರ್ಕು ಬರಲಿ, ಗಾಳಿಯ ಪಂಖಾ ಬರಲಿ, ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳಿ. ಉರಿಯುವುದು ಏನು? ಉಳಿಯುವುದು ಏನು? ನೀರು ಎಲ್ಲಿಯದು? ಭೂಮಿ ಯಾರ ಹೆಸರಿನಲ್ಲಿ? ಕೂಲಿಯವನಿಗೆ ಏನು? ಕನ್ನಡದಲ್ಲಿ ಕೇಳಿ, ಮರಾಠಿಯಲ್ಲಿ ಕೇಳಿ. ಗಡಿಯವರಾದ ನಮಗೆ ಎರಡೂ ಬಾಯಿ ಇವೆ.

ಬಸ್ಸು ಹತ್ತಿ ಹೋದ ಆ ಯಜಮಾನರು ಇಂದು ರೇಡಿಯೋ ಹಚ್ಚಿದ್ದರೆ ಅವರಿಗೆ ನನ್ನ ಉತ್ತರ ಇಷ್ಟೇ. ಯಜಮಾನರೇ, ನಿಮ್ಮ ಕುಳ್ಳಿನ ಹೊಗೆ ಮನೆಯವರ ಕಣ್ಣಿಗೆ ಕೆಟ್ಟದ್ದು, ಅದನ್ನು ಬಿಡುವುದು ಮನೆಯವರ ಸಲುವಾಗಿ. ಆ ದೊಡ್ಡ ಚಿಮಣಿಯದು ಕಣ್ಣಿಗೆ ಕಾಣದೆ ಮಳೆಯ ಹದಕ್ಕೆ ಕೆಟ್ಟದ್ದು, ಅದನ್ನು ಕಡಿಮೆ ಮಾಡುವುದು ಎಲ್ಲರ ಸಲುವಾಗಿ. ಭೀಮೆ ಯಾವ ಕಡೆಗೆ ಯಾವ ಭಾಷೆ ಇದೆ ಎಂದು ನೋಡಿ ಉಕ್ಕುವುದಿಲ್ಲ. ಆಕಾಶದ ಚಾದರವೂ ಹಾಗೆಯೇ, ಟಾಕಳಿಯ ಮೇಲೂ ಅದೇ, ಧೂಳಖೇಡದ ಮೇಲೂ ಅದೇ.